‘ಬಹುದು’ ಎಂಬ ಪದದ ಲೋಪ

ಯುದ್ಧಕ್ಕೆ ಹೊರಡುವ ಸರ್ಕಾರಗಳು ತಮ್ಮ ಚಾರರು ತಂದ ವರ್ತಮಾನವನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುವುವೇ ಎಂಬ ಪ್ರಶ್ನೆಯನ್ನು ರಾಜನೀತಿಜ್ಞರಿಗೆ ಬಿಟ್ಟುಬಿಡುವುದು ವಾಡಿಕೆ. ಆದರೆ ಆ ವರ್ತಮಾನವು ಪ್ರಜೆಗಳ ಮುಂದೆ ಬರುವುದು ಗದ್ಯದ ರೂಪದಲ್ಲಿ. ಗದ್ಯವಾದಮೇಲೆ ಅದು ವಿಮರ್ಶೆಗೂ ವಿಷಯವೇ. ಕಾವ್ಯದ ಒಂದು ಶಬ್ದ ಅಸ್ಥಾನದಲ್ಲಿ ಬಿದ್ದರೆ ರಸಭಂಗವಾಯಿತೆಂದು ಮರುಗುವ ನಾವು, ಸಹಸ್ರಾರು ಜನರ ಪ್ರಾಣವನ್ನು ಪಣಕ್ಕಿಡುವ ಗದ್ಯವನ್ನು ಪರೀಕ್ಷಿಸದೆ ಬಿಡುವುದು ಉಚಿತವಲ್ಲ. ಆದುದರಿಂದ, 2002ನೆಯ ಇಸವಿ ಸೆಪ್ಟೆಂಬರ್ 24ರಂದು ಬ್ರಿಟಿಷ್ ಸರ್ಕಾರವು ಇರಾಕಿನ ವಿನಾಶಕ ಆಯುಧಗಳನ್ನು ಕುರಿತು ಪ್ರಕಟಿಸಿದ ಪುಸ್ತಿಕೆಯನ್ನು ಒಂದು ಗ್ರಂಥವೆಂದೇ ಭಾವಿಸಿ ಇಲ್ಲಿ ಪರಿಶೀಲಿಸುವೆನು.

ಇರಾಕಿನ ಸೈನ್ಯವು ಆಜ್ಞೆಯಾದ 45 ನಿಮಿಷಗಳೊಳಗೆ ರಾಸಾಯನಿಕ ಅಥವಾ ಜೈವಿಕ ಆಯುಧಗಳನ್ನು ಸಜ್ಜುಗೊಳಿಸಬಲ್ಲದೆಂಬ ಮಾತು ಈ ಪುಸ್ತಿಕೆಯಲ್ಲಿ ನಾಲ್ಕು ಕಡೆ ಬಂದಿದೆ. ಅಚ್ಚಾಗುವುದಕ್ಕೆ ಒಂದು ವಾರ ಮೊದಲಿನ ಕರಡಿನಲ್ಲಿ ಒಂದು ಕಡೆ ಇದು ‘ಶಕ್ತರಾಗಿರಬಹುದು’ ಎಂಬ ಅರ್ಥದಲ್ಲಿತ್ತು. ಪ್ರಧಾನಮಂತ್ರಿಯ ಪ್ರಚಾರಾಧಿಕಾರಿಯಾಗಿದ್ದ ಅಲಸ್ಟೇರ್ ಕ್ಯಾಂಬೆಲ್ ಎಂಬವರು, ಈ ‘ಬಹುದು’ ಗ್ರಂಥದ ಸಾರಾಂಶದಲ್ಲಿರುವ ಮಾತಿಗಿಂತ ದುರ್ಬಲವಾಗಿದೆಯೆಂದು ಗೂಢವರ್ತಮಾನ ಸಮಿತಿಯ ಅಧ್ಯಕ್ಷರಾದ ಜಾನ್ ಸ್ಕಾರ್ಲೆಟ್ ಅವರಿಗೆ ಬರೆದರು. ಆ ಭಾಷೆಯನ್ನು ಬಿಗಿಗೊಳಿಸಲಾಗಿದೆಯೆಂದು ಉತ್ತರ ಬಂದಿತು. ಅಚ್ಚಿನ ಪುಸ್ತಿಕೆಯಲ್ಲಿ ‘ಶಕ್ತರಾಗಿದ್ದಾರೆ’ ಎಂದಾಯಿತು. ಹೊಸ ಸುದ್ದಿಯೇನೂ ಸೇರಲಿಲ್ಲ. ಒಂದು ಸಂಭಾವನಾರ್ಥಕ ಪದಕ್ಕೆ ಲೋಪಾದೇಶ ಮಾತ್ರ.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುವುದು. ಉತ್ಪ್ರೇಕ್ಷೆಗೆ ‘ಮನ್ಯೇ’, ‘ಶಂಕೇ’ ಮೊದಲಾದವು ವಾಚಕಪದಗಳೆಂದು ದಂಡಿಯು ಹೇಳಿರುವನು. ‘ಹೀಗೆಂದು ಭಾವಿಸುತ್ತೇನೆ’ ಎಂಬುದೇ ಅವುಗಳ ಪ್ರಾಣ. ಕಾವ್ಯದಲ್ಲಿ ಆ ವಾಚಕಪದ ಲೋಪವಾದರೂ ಬಾಧೆಯಿಲ್ಲ. ಸಹೃದಯನು ಗಮ್ಯೋತ್ಪ್ರೇಕ್ಷೆಯೆಂದು ತಾನೇ ಊಹಿಸಿಕೊಳ್ಳುವನು. ಸರ್ಕಾರದ ಗದ್ಯವನ್ನು ಓದುವ ಪ್ರಜೆಗೆ ಆ ಅವಕಾಶವಿಲ್ಲ. ವಾಚಕಪದ ಬಿದ್ದುಹೋದ ಕ್ಷಣವೇ ಸಂಭಾವನೆಯು ಅವನಿಗೆ ಸಿದ್ಧವಸ್ತುವಾಗಿ ಕಾಣುವುದು. ಅಮೆರಿಕದಲ್ಲಿಯೂ ಇದೇ ನಡೆಯಿತು. 2002ರ ಅಕ್ಟೋಬರಿನ ಗೋಪ್ಯ ವರದಿಯಲ್ಲಿದ್ದ ‘ನಾವು ಭಾವಿಸುತ್ತೇವೆ’ ಎಂಬಂಥ ಮಾತುಗಳು ಜನರಿಗೆಂದು ಪ್ರಕಟಿಸಿದ ಪ್ರತಿಯಲ್ಲಿ ಎಷ್ಟೋ ಕಡೆ ಉಳಿಯಲಿಲ್ಲವೆಂದು ಅಲ್ಲಿಯ ಸೆನೆಟ್ ಸಮಿತಿಯು 2004ರಲ್ಲಿ ತೋರಿಸಿಕೊಟ್ಟಿತು. ‘ಮನ್ಯೇ’ ಹೋಯಿತು, ಮತ ಉಳಿಯಿತು.

ಇನ್ನು ಪ್ರಧಾನಮಂತ್ರಿ ಟೋನಿ ಬ್ಲೇರ್ ಅವರ ಮುನ್ನುಡಿ. ಅದರಲ್ಲಿ ಒಂದು ವಿಚಿತ್ರ ವಾಕ್ಯವಿದೆ: ಗೂಢವರ್ತಮಾನವು ಸಂಶಯಾತೀತವಾಗಿ ಸ್ಥಾಪಿಸಿರುವುದೆಂದು ತಾವು ನಂಬುವ ಸಂಗತಿ ಇಂಥದು ಎಂಬುದು ಅದರ ತಾತ್ಪರ್ಯ. ಸಂಶಯಾತೀತವಾಗಿ ಸ್ಥಾಪಿತವಾದುದಕ್ಕೆ ನಂಬಿಕೆಯ ಊರುಗೋಲೇಕೆ? ನಂಬಿಕೆ ಮಾತ್ರವಾದರೆ ಅದು ಸಂಶಯಾತೀತವಾದುದೆಂತು? ದ್ರೋಣಪರ್ವದಲ್ಲಿ ಧರ್ಮರಾಯನು ಆನೆಯ ಮಾತನ್ನೂ ಆಡಿಯೇ ಇದ್ದನು. ಆದರೆ ತಗ್ಗಿದ ದನಿಯಲ್ಲಿ. ಇಲ್ಲಿ ‘ನಂಬುತ್ತೇನೆ’ ಎಂಬುದು ಆ ತಗ್ಗಿದ ದನಿ.

ಪೂರ್ವಪಕ್ಷಕ್ಕೂ ನ್ಯಾಯ ಸಲ್ಲಬೇಕು. ಮೂಲ ವರ್ತಮಾನದಲ್ಲಿ ‘ಬಹುದು’ ಎನ್ನುವುದಕ್ಕೆ ಆಧಾರವಿರಲಿಲ್ಲ, ಆದುದರಿಂದಲೇ ತಿದ್ದಿದೆವು ಎಂದು ಸ್ಕಾರ್ಲೆಟ್ ಸಮಾಧಾನ ಹೇಳಿದರು. 2004ರ ಬಟ್ಲರ್ ಸಮಿತಿಯು ಬುದ್ಧಿಪೂರ್ವಕವಾದ ವಿಕೃತಿಗೆ ಸಾಕ್ಷ್ಯವಿಲ್ಲವೆಂದಿತು. ಪ್ರಧಾನಮಂತ್ರಿಯ ಕಚೇರಿಯು ಪಾಠವನ್ನು ಅನುಚಿತವಾಗಿ ಪ್ರಭಾವಿಸಿತೆನ್ನಲು ಸಾಕ್ಷ್ಯವಿಲ್ಲವೆಂದು 2016ರ ಚಿಲ್ಕಾಟ್ ವರದಿಯೂ ಹೇಳಿತು. ಹಾಗಾದರೆ ದೋಷವೆಲ್ಲಿ? ಉತ್ತರವು ಆ ವರದಿಗಳಲ್ಲಿಯೇ ಇದೆ. ವರ್ತಮಾನವು ಹೊರಲಾರದಷ್ಟು ಭಾರವನ್ನು ಅದರ ಮೇಲೆ ಹೇರಲಾಯಿತೆಂದು ಬಟ್ಲರ್. ಸಮರ್ಥನೆಯಿಲ್ಲದ ನಿಶ್ಚಯದಿಂದ ತೀರ್ಮಾನಗಳನ್ನು ಮಂಡಿಸಲಾಯಿತೆಂದು ಚಿಲ್ಕಾಟ್. ನ್ಯಾಯಾಧೀಶರಾದ ಹಟ್ಟನ್ ಅವರು ಪುಸ್ತಿಕೆಯ ಪರವಾಗಿಯೇ ತೀರ್ಪಿತ್ತರೂ, ಪ್ರಧಾನಮಂತ್ರಿಯ ಅಪೇಕ್ಷೆಯು ಸಮಿತಿಯವರ ಮನಸ್ಸಿನ ಮೇಲೆ ಅವರಿಗರಿವಿಲ್ಲದೆಯೇ ಕೆಲಸ ಮಾಡಿ ಮಾತನ್ನು ಗಟ್ಟಿಗೊಳಿಸಿರಲಾರದೆಂದು ಪೂರ್ತಿಯಾಗಿ ಹೇಳಲಾಗದೆಂದರು. ಕೂಟಲೇಖನಕ್ಕಿಂತ ಇದು ಹೆಚ್ಚು ಭಯಂಕರವೆಂದು ನನಗೆ ತೋರುವುದು. ಕೂಟಲೇಖಕನಿಗೆ ತಾನು ಸುಳ್ಳು ಬರೆಯುತ್ತಿರುವೆನೆಂಬುದಾದರೂ ಗೊತ್ತಿರುತ್ತದೆ.

ಇಂಥ ದೋಷವು ಯಾವಾಗಲೂ ಮೇಲಿನಿಂದಲೇ ಇಳಿಯಬೇಕೆಂದಿಲ್ಲ. 1964ರ ಆಗಸ್ಟ್ 4ರಂದು ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡನೆಯ ಸಲ ದಾಳಿಯಾಯಿತೆಂಬ ಸುದ್ದಿ ಹಬ್ಬಿತು. ಮೂರು ದಿನಗಳಲ್ಲಿ ಅಮೆರಿಕದ ಶಾಸನಸಭೆಗಳು 416–0 ಮತ್ತು 88–2 ಮತಗಳಿಂದ ಅಧ್ಯಕ್ಷರಿಗೆ ಯುದ್ಧದ ಅಧಿಕಾರವನ್ನಿತ್ತವು. ಆ ದಾಳಿ ನಡೆದೇ ಇರಲಿಲ್ಲ. ಅಧಿಕಾರಿಗಳು ತಮ್ಮ ಮೊದಲ ತಪ್ಪನ್ನು ಮುಚ್ಚಲು ಸಂಕೇತವರ್ತಮಾನಗಳನ್ನು ಒಂದೇ ಕಡೆಗೆ ವಾಲುವಂತೆ ಆಯ್ದು ಕಳುಹಿಸಿದರೆಂದು, 2005ರಲ್ಲಿ ಹೊರಬಿದ್ದ ಅವರದೇ ಸಂಸ್ಥೆಯ ಇತಿಹಾಸಕಾರ ರಾಬರ್ಟ್ ಹ್ಯಾನ್ಯಾಕ್ ಅವರ ಲೇಖನವು ತಿಳಿಸಿತು. ದೊರೆಗೆ ಪ್ರಿಯವಾದುದು ಯಾವುದೆಂದು ತಿಳಿದಿರುವ ಕಡೆ, ದೊರೆ ಬಾಯಿ ಬಿಟ್ಟು ಕೇಳಬೇಕಾದ ಆವಶ್ಯಕತೆಯೇ ಇರುವುದಿಲ್ಲ.

ನಮ್ಮ ಪ್ರಾಚೀನರು ಈ ಅಪಾಯವನ್ನು ಕಾಣದವರಲ್ಲ. ಪರಸ್ಪರ ಪರಿಚಯವಿಲ್ಲದ ಮೂವರು ಚಾರರ ಮಾತು ಒಂದಾದರೆ ಮಾತ್ರ ನಂಬತಕ್ಕದ್ದೆಂದು ಕೌಟಿಲ್ಯನ ಮತ. ಧರ್ಮಭೀರುವೆಂದು ಯಾರೂ ಕರೆಯದ ಆ ಮಹಾಶಯನಿಗೂ ಒಬ್ಬನ ಮಾತು ಸಾಲದಾಗಿತ್ತು. 45 ನಿಮಿಷಗಳ ಸುದ್ದಿಯೋ ಒಂದೇ ಮೂಲದ್ದು; ಅದೂ ಕೇಳಿದವರಿಂದ ಕೇಳಿದ್ದು. ಅದು ಸಂಬಂಧಿಸಿದ್ದು ರಣರಂಗದಲ್ಲಿ ಬಳಸುವ ಅಲ್ಪದೂರದ ಆಯುಧಗಳಿಗೆಂಬ ವಿಶೇಷಣವನ್ನು ಪುಸ್ತಿಕೆಯಲ್ಲಿ ಹೇಳಲಿಲ್ಲ. ಲಂಡನ್ನಿನ ಕೆಲವು ಪತ್ರಿಕೆಗಳು ಬ್ರಿಟಿಷರಿಗೆ ವಿನಾಶವು 45 ನಿಮಿಷಗಳ ದೂರದಲ್ಲಿದೆಯೆಂಬಂತೆ ಕೂಗಿದುವು. ಆ ಅಪಾರ್ಥವನ್ನು ತಿದ್ದಲು ಸರ್ಕಾರ ಮುಂದೆ ಬರಲಿಲ್ಲ. ಹೇಳದೆ ಬಿಟ್ಟ ವಿಶೇಷಣವೂ, ತಿದ್ದದೆ ಬಿಟ್ಟ ಅಪಾರ್ಥವೂ ಗ್ರಂಥಕರ್ತನ ಲೆಕ್ಕಕ್ಕೇ ಸೇರತಕ್ಕವು.

2003ರ ಮಾರ್ಚ್ 18ರಂದು ಕಾಮನ್ಸ್ ಸಭೆಯು 412–149 ಮತಗಳಿಂದ ಯುದ್ಧಕ್ಕೆ ಒಪ್ಪಿತು. ಮರುವರ್ಷ ಇರಾಕಿನ ನೆಲವನ್ನೆಲ್ಲ ಶೋಧಿಸಿದವರಿಗೆ ಪುಸ್ತಿಕೆ ಸೂಚಿಸಿದಂಥ ಆಯುಧಸಂಗ್ರಹ ದೊರೆಯಲಿಲ್ಲ. 2009ರ ಜುಲೈ ಹೊತ್ತಿಗೆ ಕನಿಷ್ಠ 1,50,000 ಇರಾಕಿಗಳು ಸತ್ತಿದ್ದರೆಂದು ಚಿಲ್ಕಾಟ್ ಅವರು ಹೇಳಿದರು; ಅವರಲ್ಲಿ ಹೆಚ್ಚಿನವರು ಆಯುಧ ಹಿಡಿಯದ ಸಾಮಾನ್ಯ ಜನರು. ಅವರ ವರದಿಗೆ ಏಳು ವರ್ಷಗಳೂ ಸುಮಾರು 26 ಲಕ್ಷ ಶಬ್ದಗಳೂ ಬೇಕಾದುವು. ಯುದ್ಧಕ್ಕೆ ಕಾರಣಗಳು ಹಲವಿದ್ದುವು, ಒಂದು ಪದದಿಂದಲೇ ಅದು ನಡೆಯಿತೆಂದು ನಾನು ಹೇಳುವುದಿಲ್ಲ. ಆದರೆ ಜನರು ತಮ್ಮ ಒಪ್ಪಿಗೆಯನ್ನು ತೂಗಿನೋಡಲು ಬೇಕಾಗಿದ್ದ ತಕ್ಕಡಿಯಿಂದ ಒಂದು ಬಟ್ಟನ್ನು ತೆಗೆದಿಟ್ಟಿದ್ದಂತೂ ನಿಜ.

ಆದುದರಿಂದ ಸರ್ಕಾರಗಳು ಗೂಢವರ್ತಮಾನವನ್ನು ತಿದ್ದುವುವೇ ಎಂಬ ಪ್ರಶ್ನೆಗೆ ಸಿದ್ಧಾಂತವಿಷ್ಟು: ಹುಸಿಯನ್ನು ಸೃಷ್ಟಿಸುವುದಕ್ಕಿಂತ ಸಂಶಯವನ್ನು ಅಳಿಸುವುದೇ ಅವುಗಳ ಸುಲಭವಾದ ಮಾರ್ಗ. ಯುದ್ಧವನ್ನು ಬೇಡುವ ಯಾವ ಗದ್ಯ ಕೈಗೆ ಬಂದರೂ ಅದರಲ್ಲಿ ಏನಿದೆಯೆಂಬುದರ ಜೊತೆಗೆ, ಮೂಲದಲ್ಲಿದ್ದ ‘ಬಹುದು’ ಈಗ ಎಲ್ಲಿದೆಯೆಂದೂ ವಾಚಕರು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಬರುವವರೆಗೆ ಒಪ್ಪಿಗೆಯನ್ನು ತಡೆದಿರುವುದು ದೇಶದ್ರೋಹವಲ್ಲ, ಓದುಬಲ್ಲವರ ಕರ್ತವ್ಯ.