ಹರಿಯುವ ಹಲ್ಲು, ಹರಿಯದ ಹಲ್ಲು

ಹಮ್ಮಿಗಿಯ ನಮ್ಮ ಮನೆಯ ಟ್ರಂಕಿನಲ್ಲಿ ತಂಗಿ ನ್ಯೂಜೆರ್ಸಿಯಿಂದ ಬರೆದ ಪತ್ರಗಳಿವೆ. 2003ರ ಒಂದು ಲಕೋಟೆಯ ಮೇಲೆ 37 ಸೆಂಟಿನ ಬಾವುಟದ ಅಂಚೆಚೀಟಿ ಮೂರು, ಒಂದರ ಮಗ್ಗುಲಿಗೆ ಒಂದು. ಮೇಲಿನ ಅಂಚು, ಕೆಳಗಿನ ಅಂಚು ಕೊಯ್ದಿಟ್ಟಂತೆ ನೇರ; ಹಲ್ಲು ಎಡಬಲಕ್ಕೆ ಮಾತ್ರ. ಹಾಳೆಯಲ್ಲಿ ಮಾರದೆ ಸುರುಳಿಯಲ್ಲಿ ಮಾರುವ ಚೀಟಿಯ ಗುರುತು ಇದು. ಭೂತಗನ್ನಡಿ ಹಿಡಿದರೆ ಹಲ್ಲಿನ ತುದಿ ನುಣ್ಣಗಿದೆ, ಒಂದು ಎಳೆಯೂ ಎದ್ದಿಲ್ಲ. ಅದರ ಪಕ್ಕಕ್ಕೆ ನಮ್ಮದೇ ಹಳೆಯ ಗಾಂಧಿ ಚೀಟಿ ಇಟ್ಟೆ. ಅದರ ಒಂದೊಂದು ಹಲ್ಲಿನ ತುದಿಯಲ್ಲೂ ಕಾಗದದ ನಾರು ಅರಳೆಯಂತೆ ಕೆದರಿದೆ. ಪೋಸ್ಟ್ ಮಾಸ್ತರರು ಹಾಳೆಯನ್ನು ಸಾಲಿನುದ್ದಕ್ಕೂ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಿಸಿ, ಉಗುರಿನಿಂದ ತೀಡಿ, ಹರಿದುಕೊಟ್ಟ ಸಾಕ್ಷಿ ಅದು.

ಅಂಚೆಚೀಟಿಯ ಹಲ್ಲನ್ನು ಅಳೆಯುವ ಲೆಕ್ಕ ಸರಳ: ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತು. ಪ್ಯಾರಿಸಿನ ವೈದ್ಯ ಲೆಗ್ರಾಂಡ್ 1866ರಲ್ಲಿ ತೋರಿಸಿಕೊಟ್ಟ ಅಳತೆ ಇದು. ಬೆಟಗೇರಿಯ ನೇಕಾರರಿಗೆ ಇದನ್ನು ವಿವರಿಸಬೇಕಿಲ್ಲ. ಹಣಿಗೆಯ ಹಲ್ಲು ಎಷ್ಟು ಒತ್ತಾಗಿದೆ ಎಂಬುದರ ಮೇಲೆ ಸೀರೆಯ ಪೋತು ನಿಲ್ಲುತ್ತದೆಂದು ಅವರಿಗೆ ಗೊತ್ತು.

ಸುರುಳಿ ಚೀಟಿಯಲ್ಲಿ ಈ ಲೆಕ್ಕ ಎಷ್ಟು ಸೂಕ್ಷ್ಮವೆಂದು ಅಮೆರಿಕದ ಅಂಚೆಯವರು ಪೆಟ್ಟು ತಿಂದು ಕಲಿತರು. 1908ರಲ್ಲಿ ಅವರ ಮೊದಲ ಸುರುಳಿಗಳಿಗೆ 12ರ ಅಳತೆ. ತೂತು ಒತ್ತಾದವು, ಕಾಗದ ಬಲ ಕಳೆದುಕೊಂಡಿತು, ಚೀಟಿ ಮಾರುವ ಯಂತ್ರದೊಳಗೇ ಸುರುಳಿ ತುಂಡಾಗತೊಡಗಿತು. 1910ರಲ್ಲಿ ಎಂಟೂವರೆಗೆ ಇಳಿಸಿದರು. ಆಗ ಸುರುಳಿ ಗಟ್ಟಿಯಾಯಿತು, ಆದರೆ ಹರಿಯಲು ಹೋದವರ ಕೈಯಲ್ಲಿ ಚೀಟಿ ಸೀಳಿತು. 1914ರಲ್ಲಿ 10ಕ್ಕೆ ಬಂದು ನಿಂತರು. ಆರು ವರ್ಷ, ಮೂರು ಅಳತೆ. ನೆದರ್‌ಲ್ಯಾಂಡ್ಸಿನವರು ಇದೇ ತೊಂದರೆಗೆ 1925ರಿಂದ ಬೇರೆಯೇ ಉಪಾಯ ಹೂಡಿದರು: ಸಾಲಿನ ನಡುನಡುವೆ ಕೆಲವು ತೂತುಗಳನ್ನು ಹೊಡೆಯದೆ ಬಿಟ್ಟರು. ಬಿಟ್ಟ ಜಾಗದಲ್ಲಿ ಕಾಗದ ಅಗಲವಾಗಿ ಉಳಿದು ಸುರುಳಿಯನ್ನು ಹಿಡಿದಿಟ್ಟಿತು. ಹಲ್ಲಿನ ವೈವಿಧ್ಯಗಳಲ್ಲೆಲ್ಲ ನನ್ನ ಮನಸ್ಸು ಕದ್ದದ್ದು ಈ ಬಿಟ್ಟ ತೂತು. ಕಣ್ಣಿಗೆ ಅದು ಹಲ್ಲುದುರಿದ ಬಾಯಿ. ಕೆಲಸದಲ್ಲಿ ಮಾತ್ರ ಅಪ್ಪಟ ಜಾಣತನ.

ಈ ಮೆಚ್ಚುಗೆಯನ್ನು ಬಾವುಟದ ಚೀಟಿಗೆ ಅಷ್ಟೇ ಧಾರಾಳವಾಗಿ ಕೊಡಲಾರೆ. 1990ರ ದಶಕದಲ್ಲಿ ಹಿಂಬದಿಗೆ ಅಂಟು ಬಳಿದು, ಮೇಣಗಾಗದದ ಮೇಲೆ ಕೂರಿಸಿದ ಚೀಟಿಗಳು ಅಮೆರಿಕದಲ್ಲಿ ಬಳಕೆಗೆ ಬಂದವು. ಅವನ್ನು ಯಾರೂ ಹರಿಯುವುದಿಲ್ಲ, ಸುಲಿದು ಅಂಟಿಸುತ್ತಾರೆ. ತೂತು ಹೊಡೆಯುವ ಸೂಜಿಯ ಜಾಗದಲ್ಲಿ ಅಲೆಯಾಕಾರದ ಅಲಗು ಬಂತು. ಹಲ್ಲು ಉಳಿದದ್ದು ನೋಟಕ್ಕೆ. 2002ರ ಬಾವುಟವನ್ನು ಹಲವು ಮುದ್ರಣಾಲಯಗಳು ಅಚ್ಚು ಹಾಕಿದವು. ಒಬ್ಬರ ಅಲಗಿನ ಅಲೆ ಅಗಲ, ಇನ್ನೊಬ್ಬರದು ಒತ್ತು. ಒಂದೇ ಚಿತ್ರ, ಒಂದೇ ಬೆಲೆ, ಅಂಚು ಮಾತ್ರ ಬೇರೆ. ಅಲ್ಲಿನ ಕ್ಯಾಟಲಾಗು ಒಂದೊಂದಕ್ಕೂ ಬೇರೆ ಸಂಖ್ಯೆ ಕೊಟ್ಟು ಕೂರಿಸಿತು, ಸಂಗ್ರಾಹಕರು ಅವನ್ನು ಬೇಟೆಯಾಡಿದರು. ಗುತ್ತಿಗೆ ಯಾರದೆಂದು ಹೇಳುವ ಮಟ್ಟಿಗೆ ಆ ಅಂಚು ನಿಜ ಹೇಳುತ್ತದೆ, ಒಪ್ಪುತ್ತೇನೆ. ಆದರೆ 1914ರ ಹಲ್ಲಿನ ಹಿಂದೆ ಯಂತ್ರಕ್ಕೂ ಮನುಷ್ಯನ ಬೆರಳಿಗೂ ನಡೆದ ಜಗ್ಗಾಟವಿದೆ. ಇಲ್ಲಿ ಅಂಥ ಜಗ್ಗಾಟವೇ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಒಗ್ಗುವುದಿಲ್ಲ.

ಬ್ರಿಟನ್ನಿನ ರಾಣಿ ಚೀಟಿಯನ್ನು ಈ ಮಾತಿನಿಂದ ಹೊರಗಿಡಬೇಕು. 1993ರಿಂದ ಅದರ ಎರಡೂ ಬದಿಯಲ್ಲಿ, ಸಣ್ಣ ತೂತುಗಳ ನಡುವೆ, ಮೊಟ್ಟೆಯಾಕಾರದ ಒಂದು ದೊಡ್ಡ ತೂತು ಬಂತು. ಖೋಟಾ ಚೀಟಿ ಮಾಡುವವರನ್ನು ತಡೆಯಲು ಹೂಡಿದ್ದು. ಅಂಟುಚೀಟಿ ಬಂದಮೇಲೂ ಅದನ್ನು ಉಳಿಸಿಕೊಂಡರು, ಯಾಕೆಂದರೆ ಹರಿಯುವ ಕೆಲಸ ಹೋದರೂ ಕಾಯುವ ಕೆಲಸ ಉಳಿದಿತ್ತು.

ಖೋಟಾ ಎಂದಾಗ ನೆನಪಾಯಿತು: ಹಳೆಯ ಸುರುಳಿ ಚೀಟಿಗಳಿಗೆ ಬೆಲೆ ಬಂದಮೇಲೆ, ಹಾಳೆಯ ಅಗ್ಗದ ಚೀಟಿಯ ಎರಡು ಬದಿಯ ಹಲ್ಲನ್ನು ಬ್ಲೇಡಿನಿಂದ ಕೊಯ್ದು ಸುರುಳಿಯದೆಂದು ಮಾರುವವರು ಹುಟ್ಟಿಕೊಂಡರು. ಹಿಡಿಯುವ ದಾರಿ, ನೇರ ಅಂಚುಗಳ ನಡುವಿನ ಅಳತೆ. ಹಲ್ಲು ಕೊಯ್ದ ಚೀಟಿ ಸಾಮಾನ್ಯವಾಗಿ ಒಂದು ಕೂದಲೆಳೆಯಷ್ಟಾದರೂ ಕಿರಿದಾಗಿರುತ್ತದೆ.

ತಂಗಿಯ ಲಕೋಟೆಯ ಮೇಲಿನ ಮೂರೂ ಚೀಟಿಗಳನ್ನು ಅಳೆದೆ. ಮೂರರ ಅಲೆಯೂ ಒಂದೇ. ನೀರಿಗೆ ಹಾಕಿ ಬಿಡಿಸಲು ಹೋಗಲಿಲ್ಲ. ಲಕೋಟೆಯ ಆ ಮೂಲೆಯನ್ನು ಅವಳ ಅಕ್ಷರದ ಸಮೇತ ಹಾಗೆಯೇ ಆಲ್ಬಮ್ಮಿಗೆ ಸೇರಿಸಿದ್ದೇನೆ.