ಕಾಲುವೆಯ ಗುಂಟ ಊಟ, ಗುಡ್ಡದ ಮೇಲೆ ದ್ರಾಕ್ಷಿ

ಹಂಪಿಗೆ ಯಾವಾಗ ಹೋಗಬೇಕು ಎಂದು ಯಾರನ್ನೇ ಕೇಳಿ, ನವೆಂಬರಿನಿಂದ ಫೆಬ್ರವರಿ ಎನ್ನುತ್ತಾರೆ. ಕಲ್ಲು ನೋಡುವವರಿಗೆ ಅದು ಸರಿಯಾದ ಮಾತು. ಊಟದ ಬೆನ್ನು ಹತ್ತಿ ಹೋಗುವವರಿಗೆ ನಾನು ಹೇಳುವ ತಿಂಗಳು ಏಪ್ರಿಲ್. ಬಿಸಿಲು 40 ಡಿಗ್ರಿ ಮುಟ್ಟುವ ಆ ದಿನಗಳಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಂಡೆಗಳ ನಡುವೆ ಓಡಾಡಲು ಆಗುವುದಿಲ್ಲ. ಖಾನಾವಳಿಯಲ್ಲೋ ತೋಟದ ಮನೆಯ ಪಡಸಾಲೆಯಲ್ಲೋ ಕೂರಲೇಬೇಕು. ಒಂದು ಸೀಮೆಯ ಅಡುಗೆ ನಮಗೆ ದಕ್ಕುವುದು ಹಾಗೆ ಅವಸರವಿಲ್ಲದೆ ಕೂತು, ಬಡಿಸುವವರನ್ನು ಮಾತಿಗೆಳೆದಾಗಲೇ.

ಏಪ್ರಿಲ್ಲಿನ ಇನ್ನೊಂದು ಉಪಕಾರವೂ ಇದೆ. ಮಳೆಗಾಲದಲ್ಲಿ ಎಲ್ಲೆಡೆ ಹಸಿರು, ಯಾವುದು ನೀರಾವರಿ ಯಾವುದು ಬೆದ್ದಲು ತಿಳಿಯದು. ಬೇಸಿಗೆಯಲ್ಲಿ ಗೆರೆ ಎಳೆದಷ್ಟು ಸ್ಪಷ್ಟ. ಕಾಲುವೆಯ ಈಚೆ ಬಾಳೆ, ಕಬ್ಬು, ತೆಂಗು. ಆಚೆ ಒಣಗಿದ ಹೊಲ, ಕುರುಚಲು, ಬಂಡೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ ವಿಜಯನಗರದ ಕಾಲದವು, ಇಂದಿಗೂ ಹರಿಯುತ್ತಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿಯುವ ಎಷ್ಟೋ ಶತಮಾನ ಮೊದಲೇ ಇಲ್ಲಿನ ತಾಟಿನಲ್ಲಿ ಏನಿರಬೇಕೆಂದು ಈ ಕಾಲುವೆಗಳು ತೀರ್ಮಾನಿಸಿದ್ದವು. ಈ ಸೀಮೆಯಲ್ಲಿ ಇರುವುದು ಎರಡು ಅಡುಗೆ: ನೀರುಂಡ ಗದ್ದೆಯದೊಂದು, ಮಳೆ ಕಾಯುವ ಹೊಲದ್ದೊಂದು. ಎರಡನ್ನೂ ಉಂಡವರಿಗೆ ಮಾತ್ರ ಇಲ್ಲಿನ ರುಚಿ ಪೂರ್ತಿ ತಿಳಿಯುತ್ತದೆ.

ಶುರು ಹೊಸಪೇಟೆಯಿಂದಾಗಲಿ. ಕೃಷ್ಣದೇವರಾಯ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ಈ ಊರು. 2021ರಿಂದ ವಿಜಯನಗರ ಜಿಲ್ಲೆಗೆ ಕೇಂದ್ರ. ಇಲ್ಲಿನ ಬೆಳಗು ವಗ್ಗರಣೆ–ಮಿರ್ಚಿಯದು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಹುಳಿ ಹಿಂಡಿದರೆ ಆಯಿತು. ಪಕ್ಕದಲ್ಲಿ ಎಣ್ಣೆಯಿಂದ ಆಗತಾನೇ ಎತ್ತಿದ ಮಿರ್ಚಿ. ಮಂಡಕ್ಕಿ ಗದ್ದೆಯ ಭತ್ತದ್ದು, ಪುಟಾಣಿ ಮತ್ತು ಕಡಲೆಹಿಟ್ಟು ಹೊಲದ್ದು. ಎರಡೂ ಅಡುಗೆ ಕೂಡುವ ಜಾಗ ಈ ಒಂದು ತಟ್ಟೆ. ಎಂಟು ಗಂಟೆಯೊಳಗೆ ಹೋಗಿ. ತಡವಾದರೆ ಮಿರ್ಚಿ ಮೆತ್ತಗಾಗುತ್ತದೆ.

ಹಂಪಿಯಲ್ಲಿ ಕಲ್ಲಿನ ರಥಕ್ಕಿಂತ ಮೊದಲು ನಾನು ಸ್ನೇಹಿತರನ್ನು ಕರೆದೊಯ್ಯುವುದು ಕಮಲಾಪುರದ ದಾರಿಯ ಭೋಜನಶಾಲೆಗೆ. ಉದ್ದಕ್ಕೆ ನೀರಿನ ತೋಡು, ಅದರ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು, ಪಲ್ಯ ಸಾರುಗಳಿಗೆಂದೇ ಕೊರೆದ ಸಣ್ಣ ಗುಳಿಗಳು. ಊಟವನ್ನೂ ನೀರನ್ನೂ ಈ ಊರು ಹೇಗೆ ಒಟ್ಟಿಗೆ ಯೋಚಿಸಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಾವು, ಅಡಿಕೆ, ಹಲಸು, ನಿಂಬೆ, ಕಿತ್ತಳೆಗಳು ಕಾಡಿನಂತೆ ಒತ್ತೊತ್ತಾಗಿ ಬೆಳೆದದ್ದನ್ನು ಬರೆದಿದ್ದಾನೆ. ಆ ತೋಟಗಳಲ್ಲಿ ಬಿಳಿ ದ್ರಾಕ್ಷಿಯನ್ನೂ ಕಂಡಿದ್ದಾನೆ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪ್ಲಿಯ ದಾರಿ ಪೂರ್ತಿ ಗದ್ದೆಯ ದಾರಿ. ಕುಮಾರರಾಮನ ಹೆಸರಿಗೆ ಅಂಟಿಕೊಂಡ ಊರು, 1327ರಲ್ಲಿ ತುಘಲಕನ ಸೈನ್ಯದೆದುರು ಬಿದ್ದ ಕಂಪಿಲಿ. ಈಗ ನದಿಯಂಚಿನ ಕೋಟೆಯ ಸುತ್ತ ಭತ್ತ, ಬಾಳೆ, ಕಬ್ಬು. ಸುಗಂಧಿ ಬಾಳೆ ಸಿಕ್ಕರೆ ಬಿಡಬೇಡಿ: ಸಿಪ್ಪೆ ತೆಳು, ಸಿಹಿಯ ಜೊತೆಗೆ ತೆಳ್ಳಗೆ ಹುಳಿ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ಮಾತ್ರ ಈ ಕಮಲಾಪುರದ್ದಲ್ಲ, ಕಲಬುರಗಿ ಜಿಲ್ಲೆಯದು, ಇಲ್ಲಿ ಹುಡುಕಬೇಡಿ.

ಸಂಡೂರಿಗೆ ಹತ್ತಿದರೆ ಗಾಳಿಯೂ ಬದಲು, ತಾಟೂ ಬದಲು. ಅದಿರಿನ ಕೆಂಪು ಗುಡ್ಡ, ಸ್ವಾಮಿಮಲೆಯ ಕಾಡು, ನಾರಿಹಳ್ಳದ ನೀರು. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಕೊನೆಗೆ ನುಚ್ಚು–ಮಜ್ಜಿಗೆ. ಸೆಕೆಯಲ್ಲಿ ಹೊಟ್ಟೆ ತಂಪಾಗಿಡಲು ನುಚ್ಚು–ಮಜ್ಜಿಗೆಯನ್ನು ಮೀರಿದ್ದು ನನಗೆ ಗೊತ್ತಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಕನ್ನಡಿ ಹೊಲಿದ ಬಟ್ಟೆ ಕೊಳ್ಳಲು ಜನ ಹೋಗುತ್ತಾರೆ. ಅದೇ ಲಂಬಾಣಿ ತಾಂಡಾಗಳ ಜೋಳದ ಬಾಟಿ, ಕುರಿ–ಮೇಕೆಯ ಸಳೋಯಿ ಕೇಳುವವರು ಕಡಿಮೆ. ಗುರುತಿನವರ ಮೂಲಕ ಮುಂಚೆಯೇ ಹೇಳಿಸಿ, ಕರೆದರೆ ಹೋಗಿ, ಗೌರವದಿಂದ ಉಣ್ಣಿ.

ಇನ್ನು ದ್ರಾಕ್ಷಿ. ಪಾಯೆಸ್ ಕಂಡ ತೋಟಗಳು ಉಳಿಯಲಿಲ್ಲ. ಆದರೆ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ಕರ್ನಾಟಕದಲ್ಲಿ ವೈನ್ ದ್ರಾಕ್ಷಿಗೆ ಹೊಸ ಬಲ ಬಂತು. ಹಂಪಿ ಗುಡ್ಡಗಳ ಹೆಸರನ್ನೇ ಹೊತ್ತ ಕೃಷ್ಮಾ ಎಸ್ಟೇಟ್ಸ್‌ನ ಕ್ಯಾಬರ್ನೆ ಸವಿನ್ಯೋನ್, ಸಾಂಜೊವೇಸೆ, ಸವಿನ್ಯೋನ್ ಬ್ಲಾಂ ಇಂದು ದೇಶದ ಒಳ್ಳೆಯ ವೈನ್‌ಗಳ ಪಂಕ್ತಿಯಲ್ಲಿ ಕೂರುತ್ತವೆ. ಕಲ್ಲು ನೆಲ, ಕಡಿಮೆ ಮಳೆ, ಸುಡುವ ಹಗಲು: ಜೋಳಕ್ಕೆ ಒಗ್ಗಿದ ಸೀಮೆಯೇ ಈ ದ್ರಾಕ್ಷಿಗೂ ಒಗ್ಗಿದೆ. ನಮ್ಮ ಕಡೆ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ, ಅದೇ ಚಾಟನಿ. ಏಪ್ರಿಲ್ ಹೊತ್ತಿಗೆ ಕೊಯ್ಲು ಮುಗಿದು ಬೇಸಿಗೆಯ ಚಾಟನಿ ನಡೆದಿರುತ್ತದೆ, ಹಣ್ಣಿಗಾಗಿ ಮಾಡುವ ಚಾಟನಿ ಅಕ್ಟೋಬರಿಗೆ. ಹಣ್ಣಿಲ್ಲದ ಬೋಳು ಸಾಲು ನೋಡಿ ನಿರಾಶರಾಗಬೇಡಿ. ಮುಂದಿನ ಫಸಲಿನ ಕಣ್ಣುಗಳು ಈ ಚಾಟನಿಯ ನಂತರ ಬರುವ ಹೊಸ ಚಿಗುರಿನಲ್ಲೇ ಕಟ್ಟುತ್ತವೆ. ತೋಟಕ್ಕೆ ಹೋಗುವ ಮೊದಲು ಕೇಳಿ ಒಪ್ಪಿಗೆ ಪಡೆಯಿರಿ.

ಯಾವುದರ ಜೊತೆ ಯಾವುದು? ಮಿರ್ಚಿಗೆ ಕ್ಯಾಬರ್ನೆ ಬೇಡವೇ ಬೇಡ. ಅದರ ಒಗರೂ ಆಲ್ಕೋಹಾಲೂ ಖಾರವನ್ನು ಇನ್ನಷ್ಟು ಉರಿಸುತ್ತವೆ. ಸಂಜೆಯ ಮಿರ್ಚಿಗೆ, ಅಣೆಕಟ್ಟೆಯ ಮೀನಿನ ಹುರಿದ ತುಂಡಿಗೆ ಚೆನ್ನಾಗಿ ತಣಿದ ಸವಿನ್ಯೋನ್ ಬ್ಲಾಂ. ಶೇಂಗಾ, ಎಳ್ಳು, ಹುಣಸೆ ತುಂಬಿದ ಎಣ್ಣೆಗಾಯಿಗೆ ಸಾಂಜೊವೇಸೆ. ಅದರ ಹುಳಿ ಎಣ್ಣೆಯ ಜಿಡ್ಡನ್ನು ಕಡಿಯುತ್ತದೆ. ರೊಟ್ಟಿ ಮತ್ತು ಮಟನ್‌ಗೆ ಕ್ಯಾಬರ್ನೆ. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಕೋಣೆಗಳಿಗೆ ಸಂಬಂಧಿಸಿದ್ದು. ಹೊಸಪೇಟೆಯ ಏಪ್ರಿಲ್ಲಿನಲ್ಲಿ ಸೀಸೆಯನ್ನು ಫ್ರಿಜ್ಜಿನಲ್ಲಿಡಿ, 16–18 ಡಿಗ್ರಿಗೆ ಇಳಿಯಲಿ. ವಿರೂಪಾಕ್ಷನ ಸನ್ನಿಧಿಯ ಸುತ್ತ ಮದ್ಯ–ಮಾಂಸ ಸಲ್ಲದು. ಸೀಸೆ ತೆರೆಯುವ ಜಾಗ ಹೊಸಪೇಟೆಯ ಪರವಾನಗಿ ಇರುವ ಹೋಟೆಲುಗಳು.

ಅಂಥ ಹೋಟೆಲುಗಳಿಗೆ ನನ್ನದೊಂದು ಬೇಡಿಕೆಯಿದೆ. ಈ ಸೀಮೆಯ ವೈನು ಸಿಗುವ ಮೇಜಿನ ಮೇಲೆ ಪನೀರ್ ಬಟರ್ ಮಸಾಲಾ ಇರುತ್ತದೆ. ಎಣ್ಣೆಗಾಯಿ ಸಿಗುವ ಖಾನಾವಳಿಯಲ್ಲಿ ವೈನು ಇರುವುದಿಲ್ಲ. ಒಂದೇ ಮಣ್ಣಿನಿಂದ ಬಂದ ಇವೆರಡೂ ಒಂದೇ ಮೇಜಿಗೆ ಬರಲಿ. ಜೋಳದ ರೊಟ್ಟಿಯನ್ನು ಬಡಿಯಲು ಊರಿನ ಹೆಣ್ಣುಮಕ್ಕಳನ್ನು ಕರೆಯಿರಿ, ತಿನಿಸಿನ ಪಟ್ಟಿಯಲ್ಲಿ ಅದರ ಎದುರಿಗೆ ಹಂಪಿ ಗುಡ್ಡದ ದ್ರಾಕ್ಷಿಯ ಹೆಸರು ಬರೆಯಿರಿ, ಬಾಳೆ ಯಾವ ಕಾಲುವೆಯ ಅಂಚಿನದು ಎಂದು ಹೇಳಿ. ಪ್ರವಾಸಿಗರೂ ಬೇಸಿಗೆ ರಜೆಗೆ ಬಂದು ಅದನ್ನೇ ಕೇಳಲಿ. ಗಿರಾಕಿ ಕೇಳದೆ ಯಾವ ಅಡುಗೆಮನೆಯೂ ಬದಲಾಗುವುದಿಲ್ಲ.