ಕೋಲಾರದ ಧೂಳಿನಲ್ಲಿ ವ್ಯಾಕ್ಯೂಮ್ ಕ್ಲೀನರಿನ ಬಾಳಿಕೆ

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಧೂಳಿಗೆ ಮಾತ್ರ ಎಂದೂ ಬರ ಬಂದಿಲ್ಲ. ಮಾಲೂರಿನ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳ ಜೇಡಿಪುಡಿ. ಟೇಕಲ್ ಸುತ್ತಿನ ಕಲ್ಲುಕ್ವಾರಿಗಳ ಹುಡಿ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಕೆಮ್ಮಣ್ಣಿನ ದಾರಿ. ಮುಳಬಾಗಿಲನ್ನು ಹಾದು ಆಂಧ್ರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಗಲಿರುಳೂ ಓಡುವ ಲಾರಿಗಳು. ಬೆಳಿಗ್ಗೆ ಗುಡಿಸಿ ಒರೆಸಿದ ನೆಲ ಸಂಜೆಯ ಹೊತ್ತಿಗೆ ಮತ್ತೆ ಕಾಲಡಿ ಕರಕರ ಎನ್ನುತ್ತದೆ.

ಈ ಕರಕರದಲ್ಲೇ ವಿಷಯವಿದೆ. ಹತ್ತಿಯ ನವಿರು, ಕೂದಲು, ತಿಂಡಿಯ ಪುಡಿ ಒಂದು ಬಗೆಯ ಕಸ. ಗ್ರಾನೈಟ್ ಪ್ರದೇಶದ ಮಣ್ಣು ಇನ್ನೊಂದು ಬಗೆ. ಇದರಲ್ಲಿ ಕ್ವಾರ್ಟ್ಸ್ ಕಣಗಳು ಹೇರಳ. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಸ್‌ಗೆ 7 ಅಂಕ, ಸಾಮಾನ್ಯ ಚಾಕುವಿನ ಉಕ್ಕಿಗೆ ಸುಮಾರು ಐದೂವರೆ. ಅಂಥ ಕಣಗಳು ಗಾಳಿಯ ರಭಸದಲ್ಲಿ ಪ್ಲಾಸ್ಟಿಕ್ ಕೊಳವೆಯ ಬಾಗಿಗೆ ಬಡಿಯುತ್ತ, ಫಿಲ್ಟರಿನಲ್ಲಿ ಕೂರುತ್ತ, ತಪ್ಪಿಸಿಕೊಂಡವು ಬೇರಿಂಗಿಗೆ ಇಳಿಯುತ್ತ ಹೋದರೆ ಯಂತ್ರ ಎಷ್ಟು ದಿನ ತಡೆದೀತು? ಇಂದಿನ ವ್ಯಾಕ್ಯೂಮ್ ಕ್ಲೀನರುಗಳ ಗಟ್ಟಿತನವನ್ನು ತೂಗಿ ನೋಡಲು ಜಾಹೀರಾತಿನ ಬಿಳಿ ಕಾರ್ಪೆಟ್ಟಿಗಿಂತ ಈ ಜಿಲ್ಲೆಯ ನೆಲವೇ ಸರಿಯಾದ ಜಾಗ.

ಕಾರ್ಪೆಟ್ ಈ ಯಂತ್ರದ ಹುಟ್ಟಿನಲ್ಲೇ ಇದೆ. 1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಪೇಟೆಂಟ್ ಪಡೆದ ಯಂತ್ರ ಕುದುರೆಗಾಡಿಯ ಮೇಲೆ ಬಂದು ಬೀದಿಯಲ್ಲಿ ನಿಲ್ಲುತ್ತಿತ್ತು. ಉದ್ದದ ಕೊಳವೆಯನ್ನು ಕಿಟಕಿಯೊಳಗೆ ಬಿಟ್ಟು ಶ್ರೀಮಂತರ ಮನೆಯ ನೆಲಹಾಸಿನ ಧೂಳನ್ನು ಎಳೆಯುತ್ತಿತ್ತು. ಅದೇ ದಶಕದ ಕೊನೆಗೆ ಅಮೆರಿಕದಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರನ ವಿನ್ಯಾಸವನ್ನು ಹೂವರ್ ಕುಟುಂಬ ಕೊಂಡು ಮನೆಮನೆಗೆ ತಲುಪಿಸಿತು. ಭಾರತದಲ್ಲಿ ಈ ಸಾಮಾನಿಗೆ ಮಾರುಕಟ್ಟೆ ಕಟ್ಟಿದ್ದು 1982ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಸಹಭಾಗಿತ್ವದಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್. ಟೈ ಕಟ್ಟಿದ ಹುಡುಗರು ಬಾಗಿಲಿಗೆ ಬಂದು, ಹಾಸಿಗೆಯಿಂದ ತೆಗೆದ ಧೂಳನ್ನು ಮನೆಯವರ ಕಣ್ಣೆದುರೇ ಸುರಿದು ತೋರಿಸುತ್ತಿದ್ದರು. ಆದರೆ ಕೋಲಾರದ ಮನೆಗಳಲ್ಲಿ ನೆಲಕ್ಕೆ ಇರುವುದು ರೆಡ್ ಆಕ್ಸೈಡ್, ಕಡಪ ಕಲ್ಲು, ಗ್ರಾನೈಟ್ ಇಲ್ಲವೇ ವಿಟ್ರಿಫೈಡ್ ಟೈಲ್ಸ್. ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿಗೆಂದು ರೂಪಿಸಿದ ತಿರುಗು ಬ್ರಷ್ಷಿಗೆ ಇಲ್ಲಿ ಕೆಲಸವೇ ಕಡಿಮೆ; ಹಣ ಕೊಟ್ಟವರಿಗೆ ಅದೂ ಜೊತೆಗೆ ಬರುತ್ತದೆ.

ಹಾಗೆಂದು ಹಳೆಯದೆಲ್ಲ ಚಿನ್ನವೂ ಅಲ್ಲ. ತಗಡಿನ ಮೈಯ ಹಳೆಯ ಯಂತ್ರಗಳು ಭಾರ, ಸದ್ದು ವಿಪರೀತ. ಬಟ್ಟೆಯ ಚೀಲ ಒರಟು ಕಸವನ್ನು ಹಿಡಿದು ನಯವಾದ ಧೂಳನ್ನು ಮತ್ತೆ ಕೋಣೆಗೇ ಬಿಡುತ್ತಿತ್ತು. ಇಂದಿನವು ಹಗುರ. 1993ರಲ್ಲಿ ಡೈಸನ್ ಕಂಪನಿಯ ಡಿಸಿ01 ಬಂದ ಮೇಲೆ ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳನ್ನು ಬೇರ್ಪಡಿಸುವ ಸೈಕ್ಲೋನ್ ವಿಧಾನ ಮನೆಬಳಕೆಗೆ ಇಳಿಯಿತು, ಚೀಲದ ಖರ್ಚು ತಪ್ಪಿತು. ನಯವಾದ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರು ಅಲರ್ಜಿಯವರಿಗೆ ನಿಜವಾದ ಉಪಕಾರ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆಗೆ ಬೆಲೆ ಇಲ್ಲವೆಂಬುದೂ ಈಗ ಸಾಬೀತಾಗಿದೆ: ಯುರೋಪ್ ಒಕ್ಕೂಟ 2014ರಲ್ಲಿ 1,600 ವ್ಯಾಟ್, 2017ರಲ್ಲಿ 900 ವ್ಯಾಟ್ ಮಿತಿ ಹಾಕಿದರೂ ಅಲ್ಲಿನ ಮನೆಗಳೇನೂ ಕೊಳಕಾಗಲಿಲ್ಲ.

ಅದೇ ನಿಯಮಾವಳಿಯಲ್ಲಿ ಬಾಳಿಕೆಗೂ ಒಂದು ಅಳತೆಗೋಲಿದೆ. 2017ರ ಸೆಪ್ಟೆಂಬರಿನಿಂದ ಅಲ್ಲಿ ಮಾರುವ ಕ್ಲೀನರಿನ ಹೋಸ್ 40,000 ಬಾರಿ ಬಾಗಿದರೂ ಬಳಸುವಂತಿರಬೇಕು, ಮೋಟಾರು ಕನಿಷ್ಠ 500 ಗಂಟೆ ಓಡಬೇಕು. ಐನೂರು ಗಂಟೆ ಕೇಳಲು ದೊಡ್ಡದು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವ ಮನೆಯಲ್ಲಿ ಅದು ಸಾವಿರ ವಾರ, ಅಂದರೆ ಹತ್ತೊಂಬತ್ತು ವರ್ಷ. ದಿನಾ ಅರ್ಧ ಗಂಟೆ ಓಡಿಸಬೇಕಾದ ಕಡೆ ಅದೇ ಐನೂರು ಗಂಟೆ ಮೂರು ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ಒಂದೇ ಯಂತ್ರ ಒಬ್ಬರಿಗೆ ಗಟ್ಟಿ, ಇನ್ನೊಬ್ಬರಿಗೆ ಟೊಳ್ಳು ಎನಿಸುವುದಕ್ಕೆ ಈ ಲೆಕ್ಕವೇ ಒಂದು ಕಾರಣ. ಕೋಲಾರ ಎರಡನೆಯ ಗುಂಪಿಗೆ ಸೇರಿದ ಊರು.

ಯಂತ್ರದ ಒಳಗೆ ಇಣುಕಿದರೆ ಮಿಕ್ಕ ಕಾರಣಗಳು ಕಾಣುತ್ತವೆ. ವೈರಿರುವ ಮನೆಬಳಕೆಯ ಕ್ಲೀನರುಗಳಲ್ಲಿ ಹೆಚ್ಚಾಗಿ ಇರುವುದು ಮಿಕ್ಸಿಯಲ್ಲಿರುವ ಜಾತಿಯದೇ ಮೋಟಾರು. ಆರ್ಮೇಚರ್ ತಿರುಗುತ್ತದೆ, ಅದರ ತಾಮ್ರದ ಕಮ್ಯುಟೇಟರಿಗೆ ಎರಡು ಕಾರ್ಬನ್ ತುಂಡುಗಳು ಒತ್ತಿಕೊಂಡು ಕರೆಂಟು ಕೊಡುತ್ತ ಸವೆಯುತ್ತವೆ. ವೇಗ ನಿಮಿಷಕ್ಕೆ 30,000 ಸುತ್ತಿನ ಆಸುಪಾಸು. ಸಣ್ಣ ಯಂತ್ರಗಳಲ್ಲಿ ಹೀರಿದ ಗಾಳಿಯೇ ಫಿಲ್ಟರು ದಾಟಿ ಬಂದು ಮೋಟಾರನ್ನು ತಣಿಸಬೇಕು. ಕೆಮ್ಮಣ್ಣಿನ ನಯವಾದ ಪುಡಿ ಫಿಲ್ಟರನ್ನು ಮುಚ್ಚಿತೆಂದರೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಬಿಸಿ; ಬಿಸಿಗೆ ಬೇರಿಂಗಿನ ಗ್ರೀಸು ಒಣಗುತ್ತದೆ, ಕಾರ್ಬನ್ ಬೇಗ ತಿಂದುಹೋಗುತ್ತದೆ. ಥರ್ಮಲ್ ಕಟ್ಆಫ್ ಯಂತ್ರವನ್ನು ನಿಲ್ಲಿಸುತ್ತದೆ, ಮನೆಯವರು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕುತ್ತಾರೆ. ಫಿಲ್ಟರು ತೊಳೆಯೋಣವೆಂದರೆ ಬೋರ್‌ವೆಲ್ಲಿನ ಗಡಸು ನೀರು. ಸರಿಯಾಗಿ ಒಣಗುವ ಮೊದಲೇ ಹಾಕಿದರೆ ಒದ್ದೆ ಫಿಲ್ಟರಿಗೆ ಮಣ್ಣು ಕೆಸರಾಗಿ ಅಂಟುತ್ತದೆ. ಇಷ್ಟಕ್ಕೂ ಬಳಸಿದವರ ಅಜಾಗರೂಕತೆಯೇ ಕಾರಣವೆನ್ನುವುದು ಸುಲಭ. ಫಿಲ್ಟರು ಕಟ್ಟಿಕೊಂಡಿದೆ ಎಂದು ಮೋಟಾರು ಕಾಯುವ ಮೊದಲೇ ತಿಳಿಸದ ವಿನ್ಯಾಸಕ್ಕೂ ಆ ಪಾಪದಲ್ಲಿ ಪಾಲಿದೆ.

ಅಂಗಡಿಯಲ್ಲಿ ಸಿಗುವ ನಾಲ್ಕು ಬಗೆಗಳನ್ನು ಈ ಹಿನ್ನೆಲೆಯಲ್ಲಿ ಒಂದೊಂದಾಗಿ ನೋಡಬಹುದು. ಚಕ್ರದ ಮೇಲೆ ಎಳೆಯುವ ಸಾಮಾನ್ಯ ಕ್ಲೀನರು ನಡುವಿನ ದರ್ಜೆಯದು. ಸೋಫಾ, ಹಾಸಿಗೆ, ಕಾರಿನ ಸೀಟಿಗೆ ಚೆನ್ನು; ಸೋಲುವುದು ಹೋಸಿನ ಕುತ್ತಿಗೆಯಲ್ಲಿ, ಡಬ್ಬದ ಮುಚ್ಚಳದ ಪ್ಲಾಸ್ಟಿಕ್ ಕೊಕ್ಕೆಯಲ್ಲಿ, ವೈರು ಸುತ್ತಿಕೊಳ್ಳುವ ಸ್ಪ್ರಿಂಗಿನಲ್ಲಿ. ಮೋಟಾರು ಸರಿಯಿದ್ದೂ ಕೊಕ್ಕೆ ಮುರಿದ ಕಾರಣಕ್ಕೆ ಅಟ್ಟ ಸೇರುವ ಯಂತ್ರಗಳು ಈ ಬಗೆಯವು.

ಕೈಯಲ್ಲಿ ಹಿಡಿಯುವ ಬ್ಯಾಟರಿ ಕಡ್ಡಿ ಕ್ಲೀನರುಗಳಲ್ಲಿ ಹಲವದರ ಮೋಟಾರಿಗೆ ಕಾರ್ಬನ್ನೇ ಬೇಡ. ಡೈಸನ್ ವಿ10 ಮಾದರಿಯಲ್ಲಿ ಅದು ನಿಮಿಷಕ್ಕೆ 1,25,000 ಸುತ್ತು ತಿರುಗುತ್ತದೆ. ಎಂಜಿನಿಯರಿಂಗಿನ ದೃಷ್ಟಿಯಿಂದ ಮೆಚ್ಚಲೇಬೇಕಾದ ಸಾಧನೆ. ಆದರೆ ಆಯಸ್ಸು ಮೋಟಾರಿನ ಕೈಯಲ್ಲಿಲ್ಲ, ಬ್ಯಾಟರಿಯ ಕೈಯಲ್ಲಿದೆ. ಲಿಥಿಯಂ ಅಯಾನ್ ಕೋಶಗಳು 300ರಿಂದ 500 ಪೂರ್ಣ ಚಾರ್ಜಿಗೆ ಶಕ್ತಿಯ ಐದನೇ ಒಂದು ಪಾಲು ಕಳೆದುಕೊಳ್ಳುವುದು ಮಾಮೂಲು, ಬೇಸಿಗೆಯ ಕಾವಿಗೆ ಇನ್ನೂ ಬೇಗ. ದಿನಾ ಬಳಸಿದರೆ ಒಂದೂವರೆ ವರ್ಷದೊಳಗೆ ಇಳಿಕೆ ಶುರು. ಬ್ಯಾಟರಿ ಕಳಚಿ ಬದಲಿಸುವಂತಿದ್ದರೆ ಸರಿ. ಮೈಯೊಳಗೆ ಹೂತಿಟ್ಟಿದ್ದರೆ ಯಂತ್ರದ ಕತೆ ಅಲ್ಲಿಗೇ ಮುಗಿಯಿತು.

ರೋಬೋ ಕ್ಲೀನರಿಗೆ ಇಲ್ಲಿನ ಹಳೆಯ ಮನೆಗಳಲ್ಲಿ ಮೊದಲ ವೈರಿ ಹೊಸ್ತಿಲು. ಬಹುತೇಕ ಮಾದರಿಗಳು ಹತ್ತಿ ಇಳಿಯುವುದು ಎರಡು ಸೆಂಟಿಮೀಟರಿನಷ್ಟು. ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುವ ಮರದ ಹೊಸ್ತಿಲು ಅದಕ್ಕಿಂತ ಎತ್ತರ. ಹೊಸ ಬಡಾವಣೆಯ ಸಪಾಟು ಮನೆಗಳಲ್ಲಿ ಅದು ಓಡಾಡೀತು, ಅಲ್ಲಿ ಬೇರೆ ತೊಡಕು ಕಾದಿರುತ್ತದೆ. ರೋಬೋ ಕ್ಲೀನರು ತಯಾರಿಸುತ್ತಿದ್ದ ಅಮೆರಿಕದ ನೀಟೊ ಕಂಪನಿ 2023ರಲ್ಲಿ ಬಾಗಿಲು ಮುಚ್ಚಿತು, 2025ರಲ್ಲಿ ಅದರ ಯಂತ್ರಗಳಿಗೆ ಆಧಾರವಾಗಿದ್ದ ಕ್ಲೌಡ್ ಸೇವೆಯೂ ನಿಂತಿತು. ಚಕ್ರ, ಬ್ರಷ್, ಮೋಟಾರು ಎಲ್ಲವೂ ನೆಟ್ಟಗಿದ್ದ ಯಂತ್ರ ಆಪ್ ಮೂಲಕ ಮಾಡುತ್ತಿದ್ದ ಕೆಲಸಗಳನ್ನು ಕಳೆದುಕೊಂಡಿತು. ಕೋಲಾರದ ಧೂಳಿಗೂ ಇಂಥ ಕೇಡು ಮಾಡಲು ಬರುವುದಿಲ್ಲ.

ನಾಲ್ಕನೆಯದು ಡ್ರಮ್ಮಿನಂಥ ವೆಟ್ ಆ್ಯಂಡ್ ಡ್ರೈ ಯಂತ್ರ. ಕಾರು ತೊಳೆಯುವ ಅಂಗಡಿಗಳಲ್ಲಿ, ಕಾರ್ಖಾನೆಗಳಲ್ಲಿ ಕಾಣುವ, ಚೆಂದದ ವಿಷಯದಲ್ಲಿ ಕೊನೆಗೆ ನಿಲ್ಲುವ ಬಗೆ. ಇವುಗಳ ಮೋಟಾರನ್ನು ತಣಿಸಲು ಬೇರೆಯೇ ಗಾಳಿದಾರಿ ಇರುತ್ತದೆ. ಫಿಲ್ಟರು ಕಟ್ಟಿಕೊಂಡರೂ ಮೋಟಾರು ತಕ್ಷಣ ಬೇಯುವುದಿಲ್ಲ. ಮೇಲಿನ ತಲೆ ಎರಡು ಕ್ಲಿಪ್ಪಿನಲ್ಲಿ ಕಳಚುತ್ತದೆ. ಬ್ರಿಟನ್ನಿನ ಸಾಮರ್ಸೆಟ್ಟಿನಲ್ಲಿ ತಯಾರಾಗುವ, ನಗುಮುಖದ ಹೆನ್ರಿ ಕ್ಲೀನರು 1980ರ ದಶಕದಿಂದ ಹೆಸರು ಉಳಿಸಿಕೊಂಡಿರುವುದೂ ಇಂಥ ಸರಳ ಡ್ರಮ್ಮಿನಿಂದ, ಬಿಡಿಭಾಗಗಳ ನಿರಂತರ ಪೂರೈಕೆಯಿಂದ. ನಾಲ್ಕರಲ್ಲಿ ಈ ಮಣ್ಣಿಗೆ ತಕ್ಕ ಮೈಕಟ್ಟು ಇದರದೇ.

ಒಂದು ಎಚ್ಚರಿಕೆ. ಶಿಲ್ಪಿಗಳ ಊರಾದ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಕಡೆ ಕಲ್ಲು ಕೆತ್ತುವಾಗ ಏಳುವ ಸಿಲಿಕಾ ಧೂಳಿಗೆ ಮನೆಬಳಕೆಯ ಯಾವ ಕ್ಲೀನರೂ ಸಲ್ಲದು. ಅಂಥ ಧೂಳಿಗೆಂದು ಎಂ ಮತ್ತು ಎಚ್ ದರ್ಜೆಯ ಕೈಗಾರಿಕಾ ಯಂತ್ರಗಳೇ ಬೇರೆ ಇವೆ. ಎಂ ದರ್ಜೆಯದು ಕನಿಷ್ಠ ಶೇಕಡ 99.9ರಷ್ಟು ಧೂಳನ್ನು ತಡೆಹಿಡಿಯಬೇಕು. ಸಾಧಾರಣ ಯಂತ್ರ ಹಾಕಿದರೆ ಶ್ವಾಸಕೋಶಕ್ಕೆ ಹೋಗುವಷ್ಟು ನಯವಾದ ಕಣವನ್ನು ಹಿಂಬದಿಯಿಂದ ಕೋಣೆಗೆ ಊದುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯ ದೂರು ಸವೆತದ ಮೇಲಲ್ಲ. ಸವೆಯದ ಯಂತ್ರವಿಲ್ಲ. ಕೋಲಾರ ರಿಪೇರಿ ಬಲ್ಲ ಜಿಲ್ಲೆ. ಸಾವಿರ ಅಡಿಗೂ ಆಳದ ಬೋರ್‌ವೆಲ್ಲುಗಳನ್ನು ನಂಬಿದ ಊರುಗಳಲ್ಲಿ ಸಬ್‌ಮರ್ಸಿಬಲ್ ಮೋಟಾರು ಸುಡುವುದು ಸಾಮಾನ್ಯ. ಅದನ್ನು ಬಿಚ್ಚಿ, ಸುಟ್ಟ ತಂತಿ ಕಿತ್ತು, ಹೊಸದಾಗಿ ಸುತ್ತಿ ಕೊಡುವ ರಿವೈಂಡಿಂಗ್ ಅಂಗಡಿಗಳು ತಾಲ್ಲೂಕು ಪೇಟೆಗಳಲ್ಲಿ ಬೆಳೆದಿವೆ. ಮಿಕ್ಸಿಯನ್ನು ತಂದಿಟ್ಟರೆ ಕಾರ್ಬನ್, ಬುಷ್, ಕಪ್ಲರ್ ಬದಲಿಸಿ ಸಂಜೆಯೊಳಗೆ ಕೊಡುತ್ತಾರೆ. ಮಿಕ್ಸಿ ಹತ್ತು ಹದಿನೈದು ವರ್ಷ ಬಾಳುವುದು ಕೆಡುವುದಿಲ್ಲವೆಂದಲ್ಲ, ಕೆಟ್ಟಾಗ ಅಡಿಯ ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗು ಕಾಣುತ್ತದೆಂದು, ಕೆಟ್ಟ ಭಾಗ ಪಕ್ಕದ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆಂದು. ಅದೇ ಜಾತಿಯ ಮೋಟಾರು ಕ್ಲೀನರಿನ ಹೊಟ್ಟೆಯಲ್ಲಿದ್ದರೆ ಅದೇ ಮೆಕ್ಯಾನಿಕ್ ತಲೆಯಾಡಿಸುತ್ತಾನೆ. ಮೈ ಕೂಡಿಸಿರುವುದು ಒಳಗೊತ್ತುವ ಪ್ಲಾಸ್ಟಿಕ್ ಲಾಕುಗಳಿಂದ, ಬಿಚ್ಚಲು ಹೋದರೆ ಅವೇ ಮುರಿಯುತ್ತವೆ. ಕಾರ್ಬನ್ನಿನ ಅಳತೆ ಮಾದರಿಗೊಂದು, ಹೋಸಿನ ಬಾಯಿ ಕಂಪನಿಗೊಂದು. ಮೂರು ವರ್ಷಕ್ಕೆ ಮಾದರಿ ಬದಲಾದರೆ ಹಳೆಯದರ ಫಿಲ್ಟರು ಸಿಗುವ ಖಾತ್ರಿಯಿಲ್ಲ.

ನಿರ್ವಾತದಿಂದಲೇ ಕೆಲಸ ಮಾಡುವ ಇನ್ನೊಂದು ಯಂತ್ರ ಇದೇ ಜಿಲ್ಲೆಯ ಹೈನುಗಾರರ ಕೊಟ್ಟಿಗೆಗಳಿಗೆ ಬಂದಿದೆ: ಹಾಲು ಕರೆಯುವ ಯಂತ್ರ. ಮನೆಯ ಕ್ಲೀನರಿನ ಎಳೆತ ಸುಮಾರು 20 ಕಿಲೋಪಾಸ್ಕಲ್. ಹಾಲಿನ ಯಂತ್ರದ್ದು 40ರಿಂದ 50. ಸಗಣಿ, ಗಂಜಲ, ಒದ್ದೆನೆಲ, ವೋಲ್ಟೇಜಿನ ಏರಿಳಿತ, ದಿನಕ್ಕೆರಡು ಹೊತ್ತಿನ ದುಡಿಮೆ, ಇಷ್ಟರ ನಡುವೆ ಅದು ಬದುಕಬೇಕು. ಬದುಕುವ ದಾರಿಯೂ ಅದರ ವಿನ್ಯಾಸದಲ್ಲೇ ಇದೆ. ಕೆಚ್ಚಲ ತೊಟ್ಟಿಗೆ ಹಾಕುವ ರಬ್ಬರ್ ಲೈನರನ್ನು ಸುಮಾರು 2,500 ಕರೆತಕ್ಕೊಮ್ಮೆ ಬದಲಿಸಬೇಕೆಂದು ತಯಾರಕರೇ ಹೇಳುತ್ತಾರೆ. ಐದು ಹಸುಗಳ ಮನೆಯಲ್ಲಿ ದಿನಕ್ಕೆ ಹತ್ತು ಕರೆತ, ಅಂದರೆ ಒಂದು ಸೆಟ್ ಎಂಟು ತಿಂಗಳಿನಷ್ಟು. ಎಷ್ಟು ಎಳೆಯುತ್ತಿದೆಯೆಂದು ತೋರಿಸುವ ಗೇಜು ಎದುರಿಗೇ ಇರುತ್ತದೆ. ಯಾವುದು ಸವೆಯುತ್ತದೆ, ಯಾವಾಗ ಸವೆಯುತ್ತದೆ ಎಂದು ಕೊಳ್ಳುವಾಗಲೇ ಹೇಳುವ ಪ್ರಾಮಾಣಿಕತೆ ಕೊಟ್ಟಿಗೆಯ ಯಂತ್ರಕ್ಕಿದೆ, ಮನೆಯ ನಡುಕೋಣೆಯಲ್ಲಿಡುವ ಯಂತ್ರಕ್ಕಿಲ್ಲ. ಹಸುವಿನ ಯಂತ್ರ ನಿಂತರೆ ಆ ದಿನದ ಡೇರಿಯ ಹಣ ನಿಲ್ಲುತ್ತದೆ, ಆದ್ದರಿಂದ ಕೊಳ್ಳುವವ ಬಿಡಿಭಾಗದ ಮಾತನ್ನು ಮೊದಲೇ ಎತ್ತುತ್ತಾನೆ. ಕ್ಲೀನರು ನಿಂತರೆ ಮೂಲೆಯಲ್ಲಿ ಪೊರಕೆ ಇದ್ದೇ ಇದೆ; ಹಾಗಾಗಿ ಕಂಪನಿಯನ್ನು ಗದರಿ ಕೇಳುವವರಿಲ್ಲ.

ಕೇಳುವ ಕೆಲಸವನ್ನು ಫ್ರಾನ್ಸಿನಲ್ಲಿ ಸರ್ಕಾರ ಮಾಡಿತು. ಬಿಚ್ಚಲು ಎಷ್ಟು ಸುಲಭ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಅದರ ಬೆಲೆ ಎಷ್ಟು ಎಂಬುದನ್ನೆಲ್ಲ ಕೂಡಿಸಿ ಹತ್ತಕ್ಕೆ ಇಷ್ಟು ಅಂಕವೆಂದು ಸಾಮಾನಿನ ಮೇಲೆ ಅಂಟಿಸುವ ಪದ್ಧತಿ ಅಲ್ಲಿ 2021ರಲ್ಲಿ ಬಂತು, 2022ರ ನವೆಂಬರಿನಿಂದ ವ್ಯಾಕ್ಯೂಮ್ ಕ್ಲೀನರಿಗೂ ಅನ್ವಯಿಸಿತು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. 2025ರಲ್ಲಿ ಅದರ ಸಮಿತಿ ಇಂಥದೇ ಅಂಕಪಟ್ಟಿಯನ್ನು ಶಿಫಾರಸು ಮಾಡಿತು, ಮೊದಲ ಹಂತದಲ್ಲಿ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗೆ ಮಾತ್ರ. 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಮಾತ್ರ ವ್ಯಾಕ್ಯೂಮ್ ಕ್ಲೀನರು ಆಗಲೇ ಸೇರಿದೆ. ಸತ್ತ ಮೇಲಿನ ವಿಲೇವಾರಿಗೆ ಕಾನೂನು ಬಂದಿದೆ, ಬದುಕಿರುವಾಗಿನ ರಿಪೇರಿಗೆ ಅಂಕಪಟ್ಟಿ ಇನ್ನೂ ಬರಬೇಕು.

ಅದು ಬರುವವರೆಗೆ ಕೋಲಾರದ ಅಂಗಡಿಯಲ್ಲಿ ನಿಂತ ಗ್ರಾಹಕ ವ್ಯಾಟ್ ಎಷ್ಟು, ಬಣ್ಣ ಯಾವುದು ಎಂದು ಕೇಳುವ ಮೊದಲು ಕೇಳಬೇಕಾದವು ಬೇರೆ ಇವೆ. ಕಾರ್ಬನ್ ಇಲ್ಲವೇ ಬ್ಯಾಟರಿಯನ್ನು ಬದಲಿಸಬಹುದೇ? ಹೋಸ್, ಫಿಲ್ಟರು ಬಿಡಿಯಾಗಿ ಸಿಗುತ್ತವೆಯೇ, ಬೆಲೆ ಎಷ್ಟು? ಕೆಟ್ಟರೆ ಕೋಲಾರದಲ್ಲೇ ನೋಡುತ್ತಾರೋ, ಬೆಂಗಳೂರಿಗೆ ಹೊತ್ತೊಯ್ಯಬೇಕೋ? ಉತ್ತರ ಬಿಲ್ಲಿನ ಮೇಲೆ ಬರೆಸಿಕೊಳ್ಳುವಷ್ಟು ಖಚಿತವಾಗಿದ್ದರೆ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ. ಉತ್ತರವೇ ಇಲ್ಲದ ಯಂತ್ರಕ್ಕೆ ಎರಡು ವರ್ಷದ ವಾರಂಟಿ ಇದ್ದರೆ, ಅದರ ಆಯಸ್ಸನ್ನು ಎರಡು ವರ್ಷವೆಂದೇ ಹಿಡಿದು ವರ್ಷಕ್ಕೆ ಎಷ್ಟು ಬಿತ್ತೆಂದು ಭಾಗಿಸಿ ನೋಡಿ ಕೊಳ್ಳುವುದು ಒಳ್ಳೆಯದು.